ಸಂದಿಯ ಆಕಾಶ ಕಾಯ್ದ ಪ್ರಫುಲ್ಲಾ ಮೇಡಂ

ನಗರ ಕಟ್ಟುವ ಎಂಜಿನಿಯರುಗಳನ್ನು ನಾವೆಲ್ಲ ಬಲ್ಲೆವು. ಅವರು ಕಟ್ಟಿದ ಸೇತುವೆಯ ಮೇಲೆ ನಡೆಯುತ್ತೇವೆ, ಅವರು ತಂದ ನೀರು ಕುಡಿಯುತ್ತೇವೆ. ಆದರೆ ಕಟ್ಟಿದ್ದು ತನ್ನ ಮೇರೆ ದಾಟದಂತೆ, ಒಂದು ಗೋಡೆಗೂ ಇನ್ನೊಂದು ಗೋಡೆಗೂ ನಡುವೆ ಗಾಳಿ ಬೆಳಕು ಉಳಿಯುವಂತೆ, ಆಪತ್ತು ಬಂದಾಗ ಜನ ಹೊರಗೆ ಓಡಲು ಒಂದು ದಾರಿ ಇರುವಂತೆ ನೋಡಿಕೊಳ್ಳುವ ಎಂಜಿನಿಯರುಗಳೂ ಇದ್ದಾರೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಪುಣೆಯಲ್ಲಿ ಈ ಎರಡನೆಯ ಬಗೆಯ ಕೆಲಸಕ್ಕೆ ಮೂರು ದಶಕ ಮೀಸಲಿಟ್ಟು, ಈ ವರ್ಷ ಪಾಲಿಕೆಯ ಕಟ್ಟಡ ವಿಭಾಗದಿಂದ ನಿವೃತ್ತರಾಗಿರುವವರು ಶ್ರೀಮತಿ ಪ್ರಫುಲ್ಲಾ ಹಿಪ್ಪರಗಿ ಅವರು. ಅವರು ನನಗೆ ಮೊದಲು ಗುರುಗಳು, ಆಮೇಲೆ ಮೇಲಧಿಕಾರಿಗಳು.

ಈ ಅಭಿನಂದನ ಸಂಪುಟದ ಸಂಪಾದಕರಾದ ಶ್ರದ್ಧಾ ಅವರು ನನ್ನಿಂದ ಲೇಖನ ಕೇಳಿದಾಗ, ‘ಮೇಡಂ ಅವರ ಸಾಧನೆಗಳನ್ನು ಎತ್ತಿ ತೋರಿಸಿ’ ಎಂದರು. ಒಪ್ಪಿಕೊಂಡು ಮನೆಗೆ ಬಂದ ಮೇಲೆ ದಿಗಿಲಾಯಿತು. ಏನನ್ನು ತೋರಿಸಲಿ? ಅವರ ಕೆಲಸ ಚೆನ್ನಾಗಿ ನಡೆದಲ್ಲೆಲ್ಲ ಏನೂ ಆಗಿಲ್ಲ. ಆಗದೆ ಇದ್ದದ್ದನ್ನು ಬರೆಯುವುದು ಹೇಗೆ? ನಾನು ಸಂಜೆ ಕಾಲೇಜಿನಲ್ಲಿ ಓದಿದವನು. ನಕಾಶೆ ಬರೆಯುವ ಕೈಗೆ ಗದ್ಯ ಬರೆಯುವ ರೂಢಿ ಇಲ್ಲ. ನನಗಿಂತ ಬಲ್ಲವರು ಇದನ್ನು ಇನ್ನೂ ಚೆನ್ನಾಗಿ ಬರೆಯುತ್ತಿದ್ದರು ಎಂಬ ಅಳುಕು ಈ ಸಾಲಿನಲ್ಲೂ ಇದೆ. ಆದರೂ ಅವರು ಕೆಲಸ ಮಾಡುತ್ತಿದ್ದ ರೀತಿಯ ಬಗ್ಗೆ ನನಗೆ ಮೊದಲ ದಿನದಿಂದ ಇದ್ದ ಕುತೂಹಲ ಇನ್ನೂ ತೀರಿಲ್ಲ. ಆ ಕುತೂಹಲವನ್ನೇ ನಂಬಿ ಬರೆಯುತ್ತಿದ್ದೇನೆ.

ಮೇಡಂ ಹುಟ್ಟಿದ್ದು ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ ಎಂಬಂಥ ಊರಿನಲ್ಲಿ. ಸೋಲಾಪುರದಲ್ಲಿ ಎಂಜಿನಿಯರಿಂಗ್ ಮುಗಿಸಿ ಪುಣೆಯ ಪಾಲಿಕೆ ಸೇರಿದಾಗ ಆ ವಿಭಾಗದಲ್ಲಿ ಹೆಂಗಸರು ವಿರಳ. ಬಿಸಿಲಲ್ಲಿ ಓಡಾಡುವುದು ಬೇಡವೆಂದು ಹಿರಿಯರು ಅವರನ್ನು ಮಂಜೂರಾದ ನಕಾಶೆಗಳನ್ನು ಇಡುವ ಕೋಣೆಯಲ್ಲಿ ಕೂರಿಸಿದರಂತೆ. ಅಲ್ಲಿ ಧೂಳು ಕುಡಿಯುತ್ತ ಅವರು ಹಳೆಯ ನಕಾಶೆಗಳನ್ನು ಕಥೆಯ ಪುಸ್ತಕ ಓದುವಂತೆ ಓದಿದರು. ಕಾಗದದ ಮೇಲಿನ ಕಟ್ಟಡ ಹೊರಗೆ ಹೇಗಿದೆ ಎಂದು ನೋಡುವ ಆಸೆ ಅವರಿಗೆ ಅಲ್ಲಿಯೇ ಹುಟ್ಟಿತು ಎಂದು ಒಮ್ಮೆ ಹೇಳಿದ್ದರು.

ಯಾವ ಊರಿನ ಕಟ್ಟಡ ವಿಭಾಗದಲ್ಲೂ ಕೆಲಸ ಸಾಮಾನ್ಯವಾಗಿ ದೂರಿನಿಂದ ಶುರುವಾಗುತ್ತದೆ. ಯಾರಾದರೂ ದೂರು ಕೊಡಬೇಕು, ಆಗ ಅಧಿಕಾರಿ ಟೇಪು ಹಿಡಿದು ಹೊರಡಬೇಕು. ಮೇಡಂ ಕೆಲವು ವರ್ಷ ಹಾಗೆಯೇ ನಡೆದು, ಒಂದು ಸಂಗತಿ ಗಮನಿಸಿದರು: ಜಗಳ ಇರುವ ಕಡೆಯಿಂದ ದೂರು ಬರುತ್ತದೆ, ಅಪಾಯ ಇರುವ ಕಡೆಯಿಂದ ಬರುವುದೇ ಇಲ್ಲ. ಮುರಿದ ಮೆಟ್ಟಿಲ ಕೆಳಗೆ ನೆಮ್ಮದಿಯಾಗಿ ಸಂಸಾರ ಮಾಡುವವರು ಯಾರ ಮೇಲೆ ದೂರು ಕೊಡುತ್ತಾರೆ? ಹಾಗಾಗಿ ಅವರು ಮೇಲಿನವರ ಒಪ್ಪಿಗೆ ಪಡೆದು, ತಮ್ಮ ವಾರ್ಡಿನ ಗಲ್ಲಿಗಳನ್ನು ಒಂದೊಂದಾಗಿ ಹಿಡಿದು, ಎರಡೂ ಬದಿಯ ಒಂದು ಕಟ್ಟಡವನ್ನೂ ಬಿಡದೆ ನೋಡುತ್ತ ಹೋಗುವ ಪದ್ಧತಿ ಇಟ್ಟುಕೊಂಡರು. ಗಲ್ಲಿಯೊಳಗೆ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಮೊದಲ ಸಲ ಕೈಯಲ್ಲಿ ಕಾಗದ ಇರುತ್ತಿರಲಿಲ್ಲ. ಮಾತಾಡಿಸುವುದು, ನೀರು ಕೇಳಿ ಕುಡಿಯುವುದು, ತಲೆ ಎತ್ತಿ ನೋಡುವುದು, ಅಷ್ಟೇ.

ನಾನು ಅವರನ್ನು ಮೊದಲು ಕಂಡದ್ದು ಸಂಜೆ ಪಾಲಿಟೆಕ್ನಿಕ್ಕಿನಲ್ಲಿ. ಹಗಲು ಒಬ್ಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕಾಶೆ ಎಳೆದು, ಸಂಜೆ ಡಿಪ್ಲೊಮಾಕ್ಕೆ ಹೋಗುತ್ತಿದ್ದೆ. ಕಟ್ಟಡ ನಿಯಮಗಳ ಪಾಠಕ್ಕೆ ವಾರಕ್ಕೊಮ್ಮೆ ಮೇಡಂ ಬರುತ್ತಿದ್ದರು. ಮೊದಲ ತರಗತಿಯಲ್ಲಿ ಪುಸ್ತಕ ತೆರೆಸಲಿಲ್ಲ. ನಮ್ಮನ್ನೆಲ್ಲ ಹಿಂದಿನ ಗಲ್ಲಿಗೆ ಕರೆದೊಯ್ದು, ‘ತಲೆ ಎತ್ತಿ’ ಎಂದು ಮರಾಠಿಯಲ್ಲಿ ಹೇಳಿದರು. ಎರಡು ಕಟ್ಟಡಗಳ ನಡುವೆ ಲಂಗೋಟಿಯಷ್ಟು ಆಕಾಶ ಕಾಣುತ್ತಿತ್ತು. ನನ್ನ ಅಡ್ಡಹೆಸರಿನಿಂದ ನಾನು ಕನ್ನಡದವನೆಂದು ಗುರುತಿಸಿ ನನ್ನತ್ತ ತಿರುಗಿ ಕೇಳಿದರು:

“ಆ ಪಟ್ಟಿ ಯಾರದಪ್ಪ?”

“ಯಾರದೂ ಅಲ್ರಿ ಮೇಡಂ.”

“ಎಲ್ಲಾರೂ ಹಂಗ ತಿಳಕೊಂಡಾರ. ಅದಕ್ಕ ಅದು ವರ್ಷಾ ವರ್ಷಾ ಸಣ್ಣಾಗ್ಲಿಕ್ಕತ್ತದ.”

ಕಟ್ಟಡದ ಸುತ್ತ ಕಾನೂನಿನಂತೆ ಖಾಲಿ ಬಿಡಬೇಕಾದ ಜಾಗಕ್ಕೆ ಪುಣೆಯಲ್ಲಿ ಎಲ್ಲರೂ ಮಾರ್ಜಿನ್ ಎನ್ನುತ್ತಾರೆ. ಅದು ಆಕಾಶಕ್ಕೆ ತೆರೆದಿರಬೇಕು ಎಂಬುದು ನಿಯಮ. ಆ ಮಾತು ಪುಸ್ತಕದಲ್ಲಿ ಒಂದೇ ಸಾಲು. ನನಗೆ ಅರ್ಥವಾದದ್ದು ಆ ಗಲ್ಲಿಯಲ್ಲಿ.

ಕೆಲಸ ಮುಗಿಸಿ ಹಸಿದು ಬರುತ್ತಿದ್ದ ನಮಗಾಗಿ ಅವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. ‘ಮನ್ಯಾಗ ಜಾಸ್ತಿ ಆಗಿತ್ತು’ ಎನ್ನುತ್ತಿದ್ದರು. ವಾರವಾರವೂ ತರಗತಿಯ ದಿನವೇ ಅಡಿಗೆ ಜಾಸ್ತಿಯಾಗುವ ಮನೆ ಎಂಥದು ಎಂದು ನಾವು ಹುಡುಗರು ಬೆರಗಾಗುತ್ತಿದ್ದೆವು. ಮುಂದೆ ನಾನು ಪಾಲಿಕೆಗೆ ಆಯ್ಕೆಯಾಗಿ ಅವರ ಕೈಕೆಳಗೇ ಬಂದೆ. ನನ್ನ ತಾಯಿ ಶಿವಗಂಗವ್ವ ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದಾಗ, ನರ್ಸುಗಳ ಮರಾಠಿ ತಿಳಿಯದೆ ಆಕೆ ಗಾಬರಿಗೊಳ್ಳುತ್ತಾಳೆಂದು, ಮೇಡಂ ತಮ್ಮ ಊಟದ ಬಿಡುವಿನಲ್ಲಿ ಬಂದು ಹಾಸಿಗೆಯ ಪಕ್ಕ ಕೂತು ಊರಿನ ಮಾತಾಡಿ ಹೋಗುತ್ತಿದ್ದರು. ನನಗೆ ಇದು ಗೊತ್ತಾದದ್ದು ತಾಯಿ ಮನೆಗೆ ಬಂದ ಮೇಲೆ.

ಇನ್ನು ಹೇಳಬೇಕಾದದ್ದು ಮಾರ್ಕೆಟ್ ಯಾರ್ಡಿನ ಹತ್ತಿರದ ಗಲ್ಲಿಯ ಸಂಗತಿ. ಇದನ್ನು ಬರೆಯಲು ಸಂಬಂಧಪಟ್ಟ ಎಲ್ಲರ ಒಪ್ಪಿಗೆ ಕೇಳಿದ್ದೇನೆ. ಎಲ್ಲರೂ ನಗುತ್ತಲೇ ಕೊಟ್ಟರು. ಆದರೂ ಯಾರಿಗಾದರೂ ನೋವಾದರೆ ತಪ್ಪು ನನ್ನ ಬರವಣಿಗೆಯದು.

ಸುಮಾರು ಎಂಟು ವರ್ಷದ ಹಿಂದಿನ ಮಾತು. ಆ ಗಲ್ಲಿಯಲ್ಲಿ ಕಾರ್ಕಳದ ಕಡೆಯ ಲೋಕನಾಥ ಶೆಟ್ಟರ ಹೋಟೆಲು. ನಸುಕಿನಲ್ಲಿ ಮೂಟೆ ಇಳಿಸುವ ಹಮಾಲರಿಗೆ ಇಡ್ಲಿ ಸಾಂಬಾರು, ಮಧ್ಯಾಹ್ನ ವ್ಯಾಪಾರಿಗಳಿಗೆ ಊಟ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟವೂ ಆಗ ಪ್ರತಿವರ್ಷ ಅವರದೇ. ಹೋಟೆಲಿನ ಮೇಲಿನ ಕೋಣೆಗಳನ್ನೂ ಅವರೇ ಹಿಡಿದು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಊಟ ಸಹಿತ ಬಾಡಿಗೆಗೆ ಕೊಟ್ಟಿದ್ದರು.

ಮೇಡಂ ಮತ್ತು ನಾನು ಆ ಗಲ್ಲಿಯ ಸುತ್ತು ಹಾಕುತ್ತಿದ್ದಾಗ, ಲೋಕನಾಥರ ತಾಯಿ ಅಪ್ಪಿ ಅಮ್ಮ ತಳ್ಳುಗಾಡಿಯವನಿಂದ ಕಪ್ಪು ಚೀಲದ ತುಳಸಿ ಸಸಿ ಕೊಳ್ಳುತ್ತಿದ್ದರು. ಮೇಡಂ ನಿಂತರು.

“ಅಜ್ಜಿ, ಹಿಂದಿನ ಸಲ ಬಂದಾಗೂ ತುಳಸಿ ತಗೋಳ್ಳಿಕ್ಕತ್ತಿದ್ರಿ?”

“ಹೌದು ಮಗಳೇ, ಉಳಿಯುದೇ ಇಲ್ಲ. ನೀರು ಹಾಕ್ತೇನೆ, ದೀಪ ಇಡ್ತೇನೆ, ಎಂತ ಮಾಡಿದ್ರೂ ಎಲೆ ಹಳದಿ. ಊರಲ್ಲಿ ನಾನು ಕಡ್ಡಿ ಊರಿದ್ರೂ ಚಿಗುರ್ತಿತ್ತು. ಈಗ ನನ್ನ ಕೈಗುಣವೇ ಹೋಯ್ತೋ ಏನೋ.”

“ಎಲ್ಲೆ ಇಟ್ಟೀರಿ?”

“ಒಳಗೆ, ಸಂದಿಯಲ್ಲಿ. ಮಗ ಚಂದದ ಕಟ್ಟೆ ಕಟ್ಟಿಸಿದ್ದಾನೆ. ಬನ್ನಿ ಬನ್ನಿ, ನೋಡಿ.”

ಮೇಡಂಗೆ ಗಿಡಗಳ ಮೇಲೆ ಇಷ್ಟು ಅಕ್ಕರೆ ಇರುವುದು ನನಗೆ ಹೊಸ ಸುದ್ದಿ ಎಂದುಕೊಂಡು ಹಿಂದೆ ನಡೆದೆ. ರಸ್ತೆಯಿಂದ ನೋಡಿದರೆ ಅಲ್ಲಿ ಹೋಟೆಲಿನ ಗೋಡೆ ಮಾತ್ರ ಕಾಣುತ್ತಿತ್ತು. ಒಳಗೆ ಹೋದರೆ ಅದು ಗೋಡೆಯಲ್ಲ, ಬಣ್ಣ ಹಚ್ಚಿದ ಪ್ಲೈವುಡ್ಡು. ಅದರ ಹಿಂದೆ ಪಕ್ಕದ ಮಾರ್ಜಿನ್ ಪೂರ್ತಿ ಅಡಿಗೆಮನೆಯಾಗಿತ್ತು: ದೊಡ್ಡ ಒಲೆಗಳು, ಗ್ಯಾಸಿನ ಸಿಲಿಂಡರುಗಳು, ಹಿಟ್ಟು ರುಬ್ಬುವ ಯಂತ್ರ, ಪಾತ್ರೆ ತೊಳೆಯುವ ತೊಟ್ಟಿ, ಮೇಲೆ ತಗಡು. ಆ ಒಲೆಗಳ ಆಚೆ, ಮೇಲಿನ ಕೋಣೆಗಳಿಂದ ಇಳಿದು ಬರುವ ಒಂದೇ ಮೆಟ್ಟಿಲಸಾಲು. ಮೆಟ್ಟಿಲ ಬುಡದಲ್ಲಿ ತುಳಸಿಕಟ್ಟೆ. ಮೇಲಿನ ಹುಡುಗಿಯರು ಹೊರಗೆ ಹೋಗಬೇಕಾದರೆ ಕಟ್ಟೆಯನ್ನು ಬಳಸಿ, ಉರಿಯುವ ಒಲೆಗಳ ನಡುವೆ ಸೆರಗು ದುಪಟ್ಟಾ ಹಿಡಿದುಕೊಂಡು ಬರಬೇಕಿತ್ತು. ಒಲೆಯ ಬಳಿ ಏನಾದರೂ ಆದರೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಮೇಡಂ ಮೊದಲು ನೋಡಿದ್ದು ಮೇಲಕ್ಕೆ. ಆಕಾಶ ಇರಬೇಕಾದಲ್ಲಿ ಮಸಿ ಹಿಡಿದ ತಗಡು ಇತ್ತು. ಆಮೇಲೆ ಅಜ್ಜಿಯ ಭುಜ ಮುಟ್ಟಿ, “ನಿಮ್ಮ ಕೈಗುಣ ಛಲೋನೇ ಅದರಿ ಅಜ್ಜಿ. ಇದಕ್ಕ ಬಿಸಲಿಲ್ಲ, ಅಷ್ಟ” ಎಂದರು.

ಆ ಸುತ್ತಿನಲ್ಲಿ ಗಲ್ಲಿಯ ಹಲವರಿಗೆ ನೋಟಿಸು ಹೋಯಿತು. ಶೆಟ್ಟರಿಗೂ ಹೋಯಿತು: ಶೆಡ್ಡು ತೆಗೆಯಬೇಕು. ಲೋಕನಾಥರು ಕಚೇರಿಗೆ ಬಂದರು. ಒಳ್ಳೆಯ ಮನುಷ್ಯರು, ಆದರೆ ಅಂದು ಮುಖ ಕೆಂಪಾಗಿತ್ತು.

“ಎಂತ ಮೇಡಂ ಇದು? ಆ ಅಡಿಗೆಮನೆ ಹೋದ್ರೆ ಊಟ ನಿಲ್ಲಿಸಬೇಕು ನಾನು. ಊಟ ಇಲ್ಲದ್ರೆ ಹೋಟೆಲು ಎಲ್ಲಿ ಉಂಟು? ದೂರು ಕೊಟ್ಟದ್ದು ಯಾರು, ಅದಾದ್ರೂ ಹೇಳಿ.”

“ಯಾರೂ ಕೊಟ್ಟಿಲ್ರಿ.”

“ಯಾರೂ ಕೊಡದೆ ಪಾಲಿಕೆ ಬರ್ತದಾ? ಇಷ್ಟು ವರ್ಷ ಬರ್ಲಿಲ್ಲ. ಅಲ್ಲಿ ತುಳಸಿ ಉಂಟು ಮೇಡಂ. ತುಳಸಿ ಇದ್ದ ಜಾಗಕ್ಕೆ ಯಾರೂ ಕೈ ಹಾಕುದಿಲ್ಲ ಅಂತಲೇ ಕಟ್ಟಿಸಿದ್ದು ನಾನು!”

ಸಿಟ್ಟಿನಲ್ಲಿ ಗುಟ್ಟು ಹೊರಬಿದ್ದಿತ್ತು. ಅವರಿಗೇ ಅದು ತಿಳಿದು ನಾಲಗೆ ಕಚ್ಚಿಕೊಂಡರು. ನನಗೆ ನಗು ಬಂತು, ಮೇಡಂ ನಗಲಿಲ್ಲ. ದೂರು ಇಲ್ಲದೆ ಬರುವ ಅಧಿಕಾರಿಯನ್ನು ಯಾರೂ ನಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಜನ ಒಬ್ಬ ದೂರುದಾರನನ್ನು ಹುಡುಕಿಯೇ ಹುಡುಕುತ್ತಾರೆ.

ಲೋಕನಾಥರೂ ಹುಡುಕಿದರು. ಮೇಲಿನ ಕೋಣೆಯಲ್ಲಿ ರಂಜಿನಿ ಎಂಬ ಮೈಸೂರಿನ ಹುಡುಗಿ ಇದ್ದಳು, ಮಗರಪಟ್ಟಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆಕೆ ಒಂದೆರಡು ಸಲ ಹೊಗೆಯ ಬಗ್ಗೆ ಗೊಣಗಿದ್ದಳು. ಅಷ್ಟು ಸಾಕಾಯಿತು. ತಿಂಗಳ ಕೊನೆಗೆ ಕೋಣೆ ಬಿಡಬೇಕೆಂದು ಹೇಳಿದರು.

ನಡುವೆ ರಾಜ್ಯೋತ್ಸವ ಬಂತು. ಸಂಘದ ಹಿರಿಯರು ಕೆಲವರು, ‘ನಮ್ಮವರೇ ನಮ್ಮವರ ಹೊಟ್ಟೆಯ ಮೇಲೆ ಹೊಡೆಯುವುದೇ’ ಎಂದು ಮೇಡಂಗೆ ಕೇಳುವಂತೆಯೇ ಆಡಿಕೊಂಡರು. ಪಂಕ್ತಿಯಲ್ಲಿ ಲೋಕನಾಥರು ತಾವೇ ಸಾಂಬಾರು ಬಡಿಸುತ್ತ ಬಂದರು. ಮೇಡಂ ಅವರ ಎಲೆಯ ಮುಂದೆ ಬಂದಾಗ ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಟುಹೋದರು. ಪಕ್ಕದಲ್ಲಿ ಕೂತಿದ್ದ ನಾನು ಎಲೆ ಮಡಿಸಿ ಏಳಲು ಹೊರಟೆ. ಮೇಡಂ ಮಾತ್ರ ಸಾಂಬಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. “ಸಿಟ್ಟು ಅವರದು. ಸಾಂಬಾರೇನ ಮಾಡೇದ?” ಎಂದರು.

ಮರುದಿನ ರಂಜಿನಿ ನಮ್ಮ ಕಚೇರಿ ಹುಡುಕಿಕೊಂಡು ಬಂದಳು.

“ಮೇಡಂ, ಪ್ಲೀಸ್, ನಾನು ಕಂಪ್ಲೇಂಟ್ ಕೊಟ್ಟಿಲ್ಲ ಅಂತ ಅಂಕಲ್‌ಗೆ ಹೇಳಿ. ಈ ಆಫೀಸ್ ಎಲ್ಲಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ, ಇವತ್ತು ಮ್ಯಾಪ್ ಹಾಕ್ಕೊಂಡು ಬಂದೆ. ಟೀಮಲ್ಲಿ ಎಲ್ರೂ ನನ್ನತ್ರ ಒಗ್ಗರಣೆ ವಾಸನೆ ಬರುತ್ತೆ ಅಂತಾರೆ, ಅದನ್ನ ಒಂದ್ಸಲ ಹೇಳಿದ್ದೆ ಅಷ್ಟೇ. ಊರೆಲ್ಲ ಸುತ್ತಿ ಈ ರೂಮು ಸಿಕ್ಕಿದೆ. ಅಲ್ಲಿ ಅಜ್ಜಿ ನನ್ನ ಮನೆಯವಳ ಥರ ನೋಡ್ಕೊತಾರೆ. ಎಲ್ಲಿಗೆ ಹೋಗ್ಲಿ?”

ಆಕೆ ಹೋದ ಮೇಲೆ ಮೇಡಂ ಶೆಟ್ಟರ ನೋಟಿಸಿನ ಕಡತ ತೆಗೆದು ಮೇಜಿನ ಮೇಲಿಟ್ಟರು. ನಿಜ ಹೇಳಿದರೆ ಹುಡುಗಿ ಉಳಿಯುತ್ತಾಳೆ. ಆದರೆ ಪಾಲಿಕೆಯವರನ್ನು ಒಳಗೆ ಕರೆದು ತೋರಿಸಿದವರು ಹೆತ್ತ ತಾಯಿ ಎಂದು ಮಗನಿಗೆ ಗೊತ್ತಾಗುತ್ತದೆ.

“ನಿತಿನ, ಒಂದ ಕಡೆ ಹುಡಿಗಿ ಮನಿ ಹೋಗ್ತದ, ಇನ್ನೊಂದ ಕಡೆ ಅಜ್ಜಿ ಮರ್ಯಾದಿ ಹೋಗ್ತದ. ಶೆಡ್ಡು ತಗ್ಯಾದು ಇದರಾಗ ಹಗೂರ ಕೆಲಸ ನೋಡು.”

ಅಂದೇ ಮಧ್ಯಾಹ್ನ, ಹೋಟೆಲಿನ ಗದ್ದಲ ಇಳಿದ ಹೊತ್ತಿಗೆ ಹೋದೆವು. ಲೋಕನಾಥರು ಹಣದ ಗಲ್ಲೆಯ ಬಳಿ ಕೂತಿದ್ದರು, ಅಪ್ಪಿ ಅಮ್ಮ ಮೂಲೆಯ ಮೇಜಿನ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದರು. ಮೇಡಂ ನಿಂತುಕೊಂಡೇ ಹೇಳಿದರು:

“ಶೆಟ್ರ, ಹುಡಿಗಿ ದೂರು ಕೊಟ್ಟಿಲ್ಲ. ಯಾರೂ ಕೊಟ್ಟಿಲ್ಲ. ನಾ ಇಡೀ ಗಲ್ಲಿ ನೋಡ್ತೀನಿ, ಎಲ್ಲಾರ ಸಂದಿನೂ ನೋಡ್ತೀನಿ. ಎದರಿನ ಮಿಠಾಯಿ ಅಂಗಡ್ಯಾವರಿಗೂ ನೋಟಿಸ್ ಕೊಟ್ಟೀನಿ, ಕೇಳ್ರಿ.”

“ಕೇಳಿದ್ದೇನೆ. ಆದ್ರೆ ನನ್ನ ಒಳಗಿನ ಸಂದಿ ನಿಮಗೆ ಕಂಡದ್ದು ಹೇಗೆ? ಗೋಡೆ ತೂತು ಮಾಡಿ ನೋಡಿದ್ರಾ?”

ಮೇಡಂ ಅಜ್ಜಿಯತ್ತ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಹುರುಳಿಕಾಯಿ ಮುರಿಯುವ ಸದ್ದು ನಿಂತಿತು.

“ನಾನು ಕರ್ಕೊಂಡು ಹೋದೆ” ಎಂದರು ಅಪ್ಪಿ ಅಮ್ಮ.

“ಅಮ್ಮ, ನೀವಾ?”

“ನಾನೇ. ತುಳಸಿ ಸಾಯ್ತಾ ಉಂಟು ಅಂತ ತೋರಿಸಿದೆ. ನಿನಗೆ ಹೇಳಿ ಸಾಕಾಗಿತ್ತು. ನೀನು ಹೊಸ ಗಿಡ ತಾ ಅಂತ ಹೇಳುವವ. ಈ ಮಗಳು ಮೇಲೆ ನೋಡಿ ಬಿಸಿಲಿಲ್ಲ ಅಂದ್ಲು. ಇನ್ನು ಮೇಲಿನ ಹುಡುಗಿಗೆ ಹೋಗು ಅಂತ ಹೇಳುದಾದ್ರೆ ಮೊದಲು ನನಗೆ ಹೇಳು.”

ಲೋಕನಾಥರು ಎದ್ದು ಸಂದಿಗೆ ಹೋದರು. ತಗಡಿನ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದುದು ನಮಗೆ ಕಾಣುತ್ತಿತ್ತು. ಏನು ಯೋಚಿಸಿದರೋ ನನಗೆ ತಿಳಿಯದು; ಊಹಿಸಿ ಬರೆಯುವುದು ತಪ್ಪಾದೀತು. ಬಂದು, “ಎಷ್ಟು ದಿನ ಕೊಡ್ತೀರಿ?” ಎಂದು ಕೇಳಿದರು.

“ಮೊದಲ ಒಲಿ ಎಲ್ಲೆ ಇಡಬೇಕು ಅದನ್ನ ನೋಡೂಣು” ಎಂದು ಮೇಡಂ ನನ್ನತ್ತ ತಿರುಗಿ, “ನಿತಿನ, ಕೂಡು, ನಕಾಶಿ ತಗಿ” ಎಂದರು. ಕಚೇರಿಯ ಕೆಲಸ ಶೆಡ್ಡು ತೆಗೆಸುವುದು, ಅಡಿಗೆಮನೆ ಹೊಂದಿಸಿಕೊಡುವುದಲ್ಲ. ಆದರೂ ಆ ವಾರದ ಸಂಜೆಗಳಲ್ಲಿ ನಾವು ಅಲ್ಲಿ ಕೂತೆವು. ದೋಸೆಯ ಕಾವಲಿ ಮುಂದಿನ ಕಿಟಕಿಗೆ ಬಂತು, ರುಬ್ಬುವ ಯಂತ್ರ ಗಲ್ಲೆಯ ಹಿಂದಕ್ಕೆ ಹೋಯಿತು. ಎಷ್ಟು ಸಲ ಬರೆದು ಅಳಿಸಿದರೂ ಅನ್ನದ ದೊಡ್ಡ ಹಂಡೆಗೆ ಜಾಗ ಸಿಗಲಿಲ್ಲ. ಶೆಡ್ಡನ್ನು ಲೋಕನಾಥರು ತಾವೇ ನಿಂತು ಬಿಚ್ಚಿಸಿದರು. ರಂಜಿನಿ ಮೇಲಿನ ಕೋಣೆಯಲ್ಲೇ ಉಳಿದಳು. ಹೋಟೆಲಿನಲ್ಲಿ ಊಟ ನಿಂತಿತು. ಅಂದಿನಿಂದ ತಿಂಡಿ ಮಾತ್ರ.

ಇದನ್ನು ಮರೆಮಾಚಿ ಬರೆದರೆ ಈ ಲೇಖನ ಸುಳ್ಳಾಗುತ್ತದೆ. ಮೇಡಂ ಅವರ ಕೆಲಸದಿಂದ ಲೋಕನಾಥರಿಗೆ ನಷ್ಟವಾಯಿತು. ಅದಕ್ಕೆ ಪ್ರತಿಯಾಗಿ ತೋರಿಸಲು ಏನಿದೆ? ಆ ಮೆಟ್ಟಿಲಲ್ಲಿ ಯಾವ ಬೆಂಕಿಯೂ ಬರಲಿಲ್ಲ, ಯಾರೂ ಓಡಲಿಲ್ಲ, ಯಾರನ್ನೂ ಉಳಿಸಬೇಕಾಗಲಿಲ್ಲ. ಶೆಡ್ಡು ಇದ್ದಿದ್ದರೂ ಹೀಗೇ ಇರುತ್ತಿತ್ತೇ? ಈ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ಕಾಡಿದೆ. ಈ ಲೇಖನಕ್ಕಾಗಿ ಮೇಡಂ ಅವರನ್ನೇ ಕೇಳಿದೆ.

“ಏನೂ ಆಗ್ತಿದ್ದಿಲ್ಲೇನೋ. ಯಾರಿಗ್ಗೊತ್ತು? ಗೊತ್ತಾಗೋತನಾ ಕಾಯೋ ಧೈರ್ಯ ನನಗಿದ್ದಿಲ್ಲಪ್ಪ” ಎಂದರು.

ಧೈರ್ಯವಂತೆ ಎಂದು ನಾವೆಲ್ಲ ಕೊಂಡಾಡುವವರ ಬಾಯಲ್ಲಿ ಈ ಮಾತು ಕೇಳಿ, ಸದಾ ಅಂಜುವವನಾದ ನನಗೆ ಆದ ಸಮಾಧಾನವನ್ನು ಹೇಳಲಾರೆ. ಬಹುಶಃ ಈ ಕೆಲಸಕ್ಕೆ ಬೇಕಾದ ಗುಣ ಅಂಜಿಕೆಯೇ ಇರಬಹುದು. ತನಗಾಗಿ ಅಲ್ಲ, ಮೆಟ್ಟಿಲ ಮೇಲಿರುವ ಅಪರಿಚಿತರಿಗಾಗಿ ಪಡುವ ಅಂಜಿಕೆ. ನಾನು ತಪ್ಪಾಗಿ ತಿಳಿದಿರಲೂಬಹುದು.

ಶೆಡ್ಡು ಹೋದ ಮೇಲೆ ಮೇಡಂ ಪ್ರತಿ ಶುಕ್ರವಾರ ಆ ಹೋಟೆಲಿಗೆ ಹೋಗಿ ದೋಸೆ ತಿನ್ನುತ್ತಿದ್ದರು. ಮೊದಮೊದಲು ಲೋಕನಾಥರು ಒಳಗೇ ಉಳಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಹೊರಗೆ ಬಂದು, ‘ಚಟ್ನಿಗೆ ಉಪ್ಪು ಸಾಕಾ’ ಎಂದು ಕೇಳಿದರಂತೆ. ಆಮೇಲೆ ಮಾತು ಬೆಳೆಯಿತು.

ಕಳೆದ ತಿಂಗಳು, ಈ ಸಂಪುಟದ ಬಿಡುಗಡೆಯ ದಿನದ ಊಟದ ಬಗ್ಗೆ ಕೇಳಲು ನಾನು ಅಳುಕುತ್ತಲೇ ಅಲ್ಲಿಗೆ ಹೋದೆ. ಲೋಕನಾಥರು ನನ್ನ ಮಾತು ಮುಗಿಯಲೂ ಬಿಡಲಿಲ್ಲ.

“ಊಟ ನಮ್ಮದೇ ಮಾರಾಯ್ರೆ, ಬೇರೆ ಯಾರದ್ದು? ಎಂಟು ವರ್ಷ ಆಯ್ತು ಇಲ್ಲಿ ಅನ್ನದ ಹಂಡೆ ಏರಿಸಿ. ಅವತ್ತು ಒಂದು ದಿನ ಸಂದಿಗೆ ಶಾಮಿಯಾನ ಹಾಕಿ ಅಲ್ಲೇ ಒಲೆ ಹೂಡುವ. ಹೋಳಿಗೆ ಊಟ ಹಾಕಿಸ್ತೇನೆ.”

ಅಷ್ಟರಲ್ಲಿ ಅದು ಶುಕ್ರವಾರವಾದ್ದರಿಂದ ಮೇಡಂ ಬಂದೇಬಿಟ್ಟರು. ವಿಷಯ ಕೇಳಿ ಚೀಲ ಕೆಳಗಿಟ್ಟರು.

“ಶಾಮಿಯಾನ ಬ್ಯಾಡ್ರಿ ಶೆಟ್ರ.”

“ಒಂದೇ ದಿನ ಮೇಡಂ! ಅದೂ ನಿಮ್ಮದೇ ನಿವೃತ್ತಿಗೆ!”

“ನಿವೃತ್ತಿ ನನಗ ಆಗೇದ. ಮಾರ್ಜಿನ್‌ಗ ಆಗಿಲ್ಲ.”

ಲೋಕನಾಥರು ಗಲ್ಲೆಯ ಮೇಲೆ ಕೈ ಬಡಿದು ನಕ್ಕರು. ಒಳಗಿನಿಂದ ಅಪ್ಪಿ ಅಮ್ಮ, “ನಾನು ಆಗಲೇ ಹೇಳಿದ್ದೆ, ಇವಳು ಒಪ್ಪುದಿಲ್ಲ ಅಂತ” ಎಂದು ಕೂಗಿದರು. ಆ ತಾಯಿಯನ್ನು ನೋಡಲು ನಾನು ಪಕ್ಕದ ಸಂದಿಗೆ ಹೋದೆ. ಮೆಟ್ಟಿಲ ಮೇಲೆ ಬೇರೆ ಹುಡುಗಿಯರ ಚಪ್ಪಲಿಗಳು. ಕಟ್ಟೆಯನ್ನು ಶೆಡ್ಡು ತೆಗೆದಾಗಲೇ ದಾರಿಯಿಂದ ಸರಿಸಿ ಗೋಡೆಯ ಬದಿಗೆ ಕಟ್ಟಿದ್ದರು. ಅದರಲ್ಲಿ ತುಳಸಿ ಪೊದೆಯಾಗಿ ಬೆಳೆದು ಅಪ್ಪಿ ಅಮ್ಮನ ಭುಜಕ್ಕೆ ಬಂದಿತ್ತು. ಮೇಲೆ, ಲಂಗೋಟಿಯಷ್ಟು ಅಗಲದ ಆಕಾಶ. ಮೇಡಂ ಅವರ ಸಾಧನೆ ಎತ್ತಿ ತೋರಿಸಿ ಎಂದಿದ್ದರಲ್ಲ ಶ್ರದ್ಧಾ ಅವರು, ನನಗೆ ತೋರಿಸಲು ಸಿಕ್ಕಿದ್ದು ಇಷ್ಟು.

ಆದ್ದರಿಂದ ಸಮಾರಂಭಕ್ಕೆ ಬರುವ ಮಹನೀಯರಲ್ಲಿ ಒಂದು ವಿನಂತಿ. ಅಂದು ಹೋಳಿಗೆ ಊಟ ಇರುವುದಿಲ್ಲ. ಲೋಕನಾಥ ಶೆಟ್ಟರ ಹೋಟೆಲಿನ ಒಳಗೇ, ಒಂದೇ ಕಾವಲಿಯಿಂದ, ಬಿಸಿ ನೀರುದೋಸೆ ಸರದಿಯಂತೆ ಬರುತ್ತದೆ. ತಡವಾದರೆ ದಯವಿಟ್ಟು ಬೇಸರಿಸಬಾರದು. ಕಾಯುವಾಗ ಪಕ್ಕದ ಸಂದಿಗೆ ಹೋಗಿ, ಒಂದು ಸಲ ತಲೆ ಎತ್ತಿ ನೋಡಬೇಕು. ಪ್ರಫುಲ್ಲಾ ಮೇಡಂ ಅವರಿಗೆ ಆಯುಸ್ಸು, ಆರೋಗ್ಯ, ನಡೆಯುವ ಕಾಲುಗಳಲ್ಲಿ ಬಲ ತುಂಬಿರಲಿ. ಅಧಿಕಾರ ಇಲ್ಲದಿದ್ದರೂ ಗಲ್ಲಿಗಳಲ್ಲಿ ಅವರ ಸುತ್ತು ನಿಲ್ಲದಿರಲಿ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ.